ಮಳೆಗಾಲದಲ್ಲಿ ಸೈಕಲ್ ಚೈನ್ ಮನೆಯಲ್ಲೇ ಕ್ಲೀನ್ ಮಾಡೋದು ಹೇಗೆ?

ಚಿಕ್ಕಮಗಳೂರಿನಲ್ಲಿ ಜೂನ್ ಬಂತೆಂದರೆ ಚೈನಿಗೆ ಕಷ್ಟಕಾಲ. ಮುಳ್ಳಯ್ಯನಗಿರಿ ಕಡೆ ಒಂದು ಸಲ ಹೋಗಿ ಬಂದರೆ ಸಾಕು, ಕೆಸರು ಮೆತ್ತಿಕೊಂಡು ಕರಕರ ಅನ್ನುತ್ತದೆ. ಹಾಗಂತ ಅದರ ಮೇಲೇ ಎಣ್ಣೆ ಸುರಿಯಬೇಡಿ. ಮಣ್ಣೂ ಎಣ್ಣೆಯೂ ಸೇರಿದರೆ ಎಮರಿ ಪೇಪರ್ ಉಜ್ಜಿದ ಹಾಗೆ, ಚೈನನ್ನೇ ತಿಂದುಹಾಕುತ್ತದೆ.

ಹಳೇ ಬನಿಯನ್ ಬಟ್ಟೆಗೆ ಸೀಮೆಎಣ್ಣೆ ಹಾಕಿ ಚೈನಿನ ಕೆಳಭಾಗವನ್ನು ಹಿಡಿದುಕೊಳ್ಳಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಇರಿ. ಬಟ್ಟೆಗೆ ಕಪ್ಪು ಹತ್ತುವುದು ಕಮ್ಮಿಯಾಗುವ ತನಕ. ಸಂದಿಗೆ ಹಳೇ ಟೂತ್ ಬ್ರಷ್. ಸೀಮೆಎಣ್ಣೆ ಅಲ್ವಾ, ಈ ಕೆಲಸ ಒಲೆ ಹತ್ತಿರ ಮಾತ್ರ ಬೇಡ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ನಮ್ಮೂರ ಥಂಡಿಗೆ ಒಂದು ರಾತ್ರಿ ಒಣಗಲು ಬಿಡಿ.

ಎಣ್ಣೆ ಬೇಕಿರುವುದು ರೋಲರ್ (ಚೈನಿನ ಪಟ್ಟಿಗಳ ನಡುವೆ ತಿರುಗುವ ಪುಟ್ಟ ಉರುಳೆ) ಒಳಗೆ. ಒಂದೊಂದಕ್ಕೂ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ಬೇಸಿಗೆಗೆ ಓಕೆ, ಮಳೆಗೆ ಬೇಗ ತೊಳೆದುಹೋಗುತ್ತದೆ. ಮಳೆಗಾಲಕ್ಕೆ ವೆಟ್ ಲ್ಯೂಬ್, ಅಂದರೆ ನೀರಿಗೆ ಬೇಗ ತೊಳೆದುಹೋಗದ ದಪ್ಪನೆಯ ಚೈನ್ ಎಣ್ಣೆ, ತಗೊಳ್ಳಿ.

ಇಷ್ಟಾದರೂ ಚೈನ್ ಜಾರುತ್ತಿದ್ದರೆ ಸ್ಕೇಲ್ ಇಟ್ಟು ನೋಡಿ. ಒಂದು ಪಿನ್ನನ್ನು (ಚೈನಿನ ಕೊಂಡಿಗಳನ್ನು ಜೋಡಿಸುವ ಮೊಳೆ) ಸೊನ್ನೆಗೆ ಇಟ್ಟರೆ, ಅಲ್ಲಿಂದ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. 3 ಮಿ.ಮೀ. ಜಾಸ್ತಿ ಬಂತಾ? ಚೈನ್ ಸವೆದಿದೆ, ಬದಲಾಯಿಸಿ.