‘ಸಹಿ ಹಾಕಿದರೆ ನೀನೇ ಕೊಂದಂತೆ’ ಅಂದರು ಅತ್ತೆ

ಪ್ರ: ಅಪ್ಪನಿಗೆ 76 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿ ಮೂರು ವಾರದಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಚೇತರಿಸುವ ಆಸೆ ಇಲ್ಲ ಎಂದಿದ್ದಾರೆ ಡಾಕ್ಟರು. ದುಬೈಯಲ್ಲಿರುವ ಅಣ್ಣ ‘ಖರ್ಚು ನಾನು ನೋಡ್ತೇನೆ, ಏನೂ ತೆಗೆಸಬೇಡ’ ಅನ್ನುತ್ತಾನೆ. ವೆಂಟಿಲೇಟರ್ ತೆಗೆಯಲು ಸಹಿ ಹಾಕಿದರೆ ನಾನೇ ಕೊಂದಂತೆ ಎಂಬುದು ಅತ್ತೆಯ ಮಾತು. ನಮ್ಮ ಜವಾಬ್ದಾರಿ ಎಂದು ಆಸ್ಪತ್ರೆಗೆ ಬರೆದುಕೊಟ್ಟು ಮನೆಗೆ ಕರಕೊಂಡು ಬನ್ನಿ ಅನ್ನುವವರೂ ಇದ್ದಾರೆ. ಅಮ್ಮ ಮಾತೇ ಆಡುತ್ತಿಲ್ಲ. ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾಗ ಅಪ್ಪ ‘ನನ್ನನ್ನು ಹೀಗೆ ಇಡಬೇಡಿ ಮಾರಾಯ್ರೆ’ ಅಂದಿದ್ದು ನೆನಪಾಗುತ್ತದೆ. ಏನು ಮಾಡಲಿ?
– ಓದುಗಿ, ಕಟಪಾಡಿ

ಉ: ಕೊನೆಗೆ ನೆನಪಾಗಿ ಸೇರಿಸಿದ ಹಾಗಿರುವ ಆ ದೊಡ್ಡಪ್ಪನ ವಿಷಯವೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ. ಅಪ್ಪ ಈಗ ಮಾತಾಡುವ ಹಾಗಿದ್ದರೆ ಏನನ್ನುತ್ತಿದ್ದರು ಎಂಬುದಷ್ಟೇ ಇಲ್ಲಿ ಪ್ರಶ್ನೆ. ಅದಕ್ಕೆ ಅರ್ಧ ಉತ್ತರವನ್ನು ಅವರೇ ಕೊಟ್ಟಿದ್ದಾರೆ. ಅಮ್ಮನ ಹತ್ತಿರ ‘ತೆಗೆಸುವುದಾ ಬೇಡವಾ’ ಎಂದು ಕೇಳಬೇಡಿ, ಯಾವ ಹೆಂಡತಿಯೂ ಅದಕ್ಕೆ ಬಾಯಿಬಿಡಲಾರಳು. ‘ಅವತ್ತು ಅಪ್ಪ ಏನಂದಿದ್ರು ನೆನಪುಂಟಾ?’ ಎಂದು ಕೇಳಿ ನೋಡಿ.

ಇನ್ನು ಕೊಲ್ಲುವ ಮಾತು. ಇಂಥ ಸ್ಥಿತಿಯಲ್ಲಿ ಚಿಕಿತ್ಸೆ ಹಿಂತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, 2023ರಲ್ಲಿ ಕ್ರಮವನ್ನು ಸರಳಗೊಳಿಸಿದೆ. ಅದರಂತೆ ನಡೆಯಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ನೋಡಿಕೊಳ್ಳುತ್ತಿರುವ ವೈದ್ಯರ ಜೊತೆ ಇಬ್ಬರು ತಜ್ಞರು ಮೊದಲು ತೀರ್ಮಾನಿಸಬೇಕು, ಮನೆಯವರು ಒಪ್ಪಬೇಕು. ಬಳಿಕ ಸರ್ಕಾರದ ಕಡೆಯಿಂದ ನೇಮಕವಾದ ಒಬ್ಬ ವೈದ್ಯರಿರುವ ಎರಡನೇ ಮಂಡಳಿ ಪರಿಶೀಲಿಸಬೇಕು. ಜಾರಿಗೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಇಷ್ಟು ಜನ ನೋಡಿದ ಮೇಲಿನ ತೀರ್ಮಾನವನ್ನು ಒಬ್ಬ ಮಗಳ ತಲೆಗೆ ಕಟ್ಟುವುದು ಅನ್ಯಾಯ.

ನನಗೆ ನಿಜವಾಗಿ ಹೆದರಿಕೆ ಇರುವುದು ಆ ‘ಬರೆದುಕೊಟ್ಟು ಕರಕೊಂಡು ಬನ್ನಿ’ ಸಲಹೆಯ ಬಗ್ಗೆ. ನಮ್ಮ ಕಡೆ ಇದು ಮಾಮೂಲು: ಆಂಬುಲೆನ್ಸ್‌ನಲ್ಲಿ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಮನೆ ತಲುಪುವುದು, ಚಾವಡಿಯಲ್ಲಿ ಮಲಗಿಸಿ ಟ್ಯೂಬ್ ತೆಗೆಯುವುದು. ಆಮೇಲೆ ಉಸಿರು ಕಟ್ಟಿ ಒದ್ದಾಡಿದರೆ ಕೈಯಲ್ಲಿ ಒಂದು ಇಂಜೆಕ್ಷನ್ನೂ ಇರುವುದಿಲ್ಲ. ಆಸ್ಪತ್ರೆಯಲ್ಲಾದರೆ ಮೊದಲೇ ಮಾರ್ಫಿನ್‌ನಂಥ ಔಷಧಿ ಕೊಟ್ಟು, ಏದುಸಿರು ತಗ್ಗಿಸಿ, ಗಂಟಲ ಕಫಕ್ಕೂ ವ್ಯವಸ್ಥೆ ಮಾಡಿ, ನಂತರವೇ ವೆಂಟಿಲೇಟರ್ ತೆಗೆಯುತ್ತಾರೆ. ನಿಲ್ಲುವುದು ಯಂತ್ರ, ಆರೈಕೆಯಲ್ಲ. ಕೆಲವರು ನಿಮಿಷಗಳಲ್ಲಿ ಹೋಗುತ್ತಾರೆ, ಕೆಲವರು ದಿನಗಟ್ಟಲೆ ಇರುತ್ತಾರೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆಯಲ್ಲೇ ಪ್ರಾಣ ಹೋಗಲಿ ಎಂಬ ಆಸೆ ಅಮ್ಮನಿಗಿದ್ದರೆ ಉಪಶಾಮಕ ಚಿಕಿತ್ಸೆಯ, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಯ, ವೈದ್ಯರಲ್ಲಿ ಹೇಳಿ. ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗವಿದೆ. ಔಷಧಿ, ನರ್ಸ್ ಎಲ್ಲ ಗೊತ್ತುಮಾಡಿಕೊಂಡು ಕರೆದೊಯ್ಯುವುದು ಬೇರೆ, ಕಾಗದಕ್ಕೆ ಸಹಿ ಹಾಕಿ ಹೊರಡುವುದು ಬೇರೆ. ತುಳಸಿ ನೀರನ್ನು ಬಾಯಿಗೆ ಸುರಿಯಬೇಡಿ, ತುಟಿ ಒದ್ದೆ ಮಾಡಿದರೆ ಸಾಕು.

ಅಣ್ಣನ ಜೊತೆ ವಾದಕ್ಕೆ ಇಳಿಯಬೇಡಿ. ಅವನ ಕಣ್ಣಲ್ಲಿರುವುದು ಕಳೆದ ರಜೆಯಲ್ಲಿ ನೋಡಿದ ಅಪ್ಪ. ವೀಡಿಯೊ ಕಾಲ್‌ನಲ್ಲಿ ಡಾಕ್ಟರನ್ನೇ ಮಾತಾಡಿಸಿ. ‘ಎಲ್ಲ ಚೆನ್ನಾಗಿ ಆದರೂ ಅಪ್ಪ ಯಾವ ಸ್ಥಿತಿಗೆ ಬಂದಾರು?’ ಎಂದು ಅವನೇ ಕೇಳಲಿ. ಇದು ಬ್ರೈನ್ ಡೆತ್ತೋ (ಮೆದುಳು ಪೂರ್ತಿ ನಿಂತುಹೋಗಿರುವುದೋ) ಅಲ್ಲವೋ ಎಂಬುದನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಬಂದು ನೋಡುತ್ತೇನೆ ಅಂದರೆ ಬರಲಿ, ನಾಲ್ಕು ದಿನ ಕಾಯಬಹುದು. ಅಷ್ಟರೊಳಗೆ ಡಯಾಲಿಸಿಸ್, ಹೊಸ ಸರ್ಜರಿ ಅಂತ ಏನಾದರೂ ಬಂದರೆ ನಿಮ್ಮನ್ನು ಕೇಳದೆ ಶುರುಮಾಡಬಾರದು ಎಂದು ಡಾಕ್ಟರಿಗೆ ಈಗಲೇ ಹೇಳಿಡಿ.

ಆ ಮಾತುಕತೆಗೆ ಅತ್ತೆಯನ್ನೂ ಕೂರಿಸಿ. ಹೊರಗಿಟ್ಟರೆ ಮುಂದೆ ಬೊಜ್ಜಕ್ಕೋ (ಉತ್ತರಕ್ರಿಯೆಗೋ) ಮದುವೆಗೋ ನೆಂಟರು ಸೇರಿದಾಗಲೆಲ್ಲ ಅದೇ ಮಾತು ಕೇಳಬೇಕಾದೀತು.