ಬೇಸಿಗೆ ರಜೆಯಲ್ಲಿ ರಾಮನವಮಿ ಸಂಗೀತ ಕಚೇರಿಗಳಿಗಾಗಿ ನಾಲ್ಕು ದಿನ ಬೆಂಗಳೂರಿಗೆ ಹೋಗುತ್ತಿದ್ದೇವೆ. ದಿನಕ್ಕೆ ಎರಡು ಕಚೇರಿ ಹೇಗೆ ಹೊಂದಿಸುವುದು? ಕೊನೆಯ ದಿನ ಕಚೇರಿ ಮುಗಿಸಿ ರಾತ್ರಿ ಬಸ್ಸು ಹಿಡಿಯಬಹುದೇ?

ಹಿಡಿಯಬೇಡಿ. ಯಾಕೆ ಅಂತ ಹೇಳದೆ ಬಿಟ್ಟರೆ ನೀವು ಹಿಡಿದೇ ಹಿಡಿಯುತ್ತೀರಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಗಲು ಲಾಲ್‌ಬಾಗ್, ಒಂದು ದಿನ ವಂಡರ್‌ಲಾ, ಸಂಜೆ ಎರಡೆರಡು ಕಡೆ ಕಚೇರಿ, ಕೊನೆಯ ರಾತ್ರಿ ಹತ್ತೂವರೆಗೆ ಮೆಜೆಸ್ಟಿಕ್‌ನಿಂದ ಬಸ್ಸು. ನಿಮ್ಮ ಪಟ್ಟಿ ಓದಿದಾಗ ನನ್ನದೇ ಹಳೇ ಚೀಟಿ ಕೈಗೆ ಸಿಕ್ಕ ಹಾಗಾಯಿತು. ನನ್ನದರಲ್ಲಿ ವಂಡರ್‌ಲಾ ಜಾಗದಲ್ಲಿ ಚಿಕ್ಕಪೇಟೆಯ ಸೀರೆ ಅಂಗಡಿ ಇತ್ತು, ಅಷ್ಟೇ.

ನಮ್ಮೂರು ಸಾಗರ. ಅಪ್ಪ ಮೇಷ್ಟರಾಗಿದ್ದವರು. ಸಂಗೀತ ಕಲಿತವರಲ್ಲ. ಆದರೆ ರೇಡಿಯೋದಲ್ಲಿ ಕಚೇರಿ ಬಂದರೆ ನಮ್ಮ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಕೂತಲ್ಲೇ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುತ್ತಿದ್ದರು. ಒಂದು ರಾಗ ತಾನ ಪಲ್ಲವಿಯನ್ನು ಎದುರಿಗೆ ಕೂತು ಕೇಳಬೇಕು ಅನ್ನುವುದು ಅವರ ಬಹಳ ಕಾಲದ ಆಸೆ. ಮೊದಲು ಸಾಹಿತ್ಯ, ತಾಳ ಇಲ್ಲದೆ ರಾಗವನ್ನು ಬಿಡಿಸುವ ಆಲಾಪನೆ, ಆಮೇಲೆ ಅದೇ ರಾಗವನ್ನು ಲಯ ಹಿಡಿದು ಹಾಡುವ ತಾನ, ಕೊನೆಗೆ ಒಂದೇ ಸಾಲಿನ ಪಲ್ಲವಿ. ಆ ಒಂದು ಸಾಲನ್ನು ಇಟ್ಟುಕೊಂಡು ಕಾಲ ಬದಲಿಸಿ, ಅದೇ ಮಾತುಗಳನ್ನು ಬೇರೆ ಬೇರೆ ರೀತಿಯಲ್ಲಿ ಹಾಡಿ ನೆರವಲ್ ಮಾಡಿ, ಸ್ವರ ಹಾಕಿ ಬೆಳೆಸುತ್ತಾರೆ. ಪೂರ್ತಿಯಾಗಿ ಹಾಡಿದರೆ ಮುಕ್ಕಾಲು ಗಂಟೆ, ಒಂದು ಗಂಟೆ ಆಗುತ್ತದೆ. ರೇಡಿಯೋದಲ್ಲಿ ಕೇಳಿದ್ದರು. ಹಾಡುವವರು ಕೈಯಲ್ಲಿ ತಾಳ ಹಾಕುವುದನ್ನು ಕಣ್ಣಾರೆ ನೋಡಿರಲಿಲ್ಲ.

ಹಾಗಾಗಿ ಬೇಸಿಗೆ ರಜೆಗೆ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಕೊನೆಯ ಸಂಜೆಯ ಗಾಯಕಿ ಪಲ್ಲವಿ ಹಾಡುವುದರಲ್ಲಿ ಹೆಸರಾದವರು. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಯಾವ ಪೆಂಡಾಲ್ ಅಂತ ಹೇಳುವುದಿಲ್ಲ, ತಪ್ಪು ಅವರದಲ್ಲ.

ನನ್ನ ಲೆಕ್ಕ ಹೀಗಿತ್ತು. ಆಹ್ವಾನ ಪತ್ರಿಕೆಯಲ್ಲಿ ಸಂಜೆ 6.30 ಅಂತ ಇದೆ. ಕಚೇರಿ ಅಂದರೆ ಎರಡೂವರೆ ಗಂಟೆ. ಒಂಬತ್ತಕ್ಕೆ ಮಂಗಳ. ಒಂಬತ್ತೂವರೆಗೆ ಊಟ. ಹತ್ತೂವರೆಗೆ ಬಸ್ಸು. ಕಾಗದದ ಮೇಲೆ ಒಂದು ಗಂಟೆ ಉಳಿಯುತ್ತಿತ್ತು.

ಈಗ ನೋಡಿ, ಆಹ್ವಾನ ಪತ್ರಿಕೆಯಲ್ಲಿ ಶುರುವಾಗುವ ಹೊತ್ತು ಇರುತ್ತದೆ, ಮುಗಿಯುವ ಹೊತ್ತು ಇರುವುದಿಲ್ಲ. ಇದು ಪ್ರೆಸ್ಸಿನವರು ಮರೆತದ್ದಲ್ಲ. ಮನೋಧರ್ಮ, ಅಂದರೆ ಆ ಹೊತ್ತಿಗೆ ತೋಚಿದಂತೆ ಬೆಳೆಸಿ ಹಾಡುವುದೇ ಈ ಸಂಗೀತದ ಜೀವ. ಆಲಾಪನೆ ಹತ್ತು ನಿಮಿಷವೋ ಇಪ್ಪತ್ತೈದು ನಿಮಿಷವೋ ಹಾಡುವವರಿಗೇ ಮೊದಲು ಗೊತ್ತಿರುವುದಿಲ್ಲ. ಅದರ ಮೇಲೆ ಅವತ್ತು ಒಂದು ಸನ್ಮಾನ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಎರಡು ಭಾಷಣ. ಕಚೇರಿಯ ಮೊದಲ ಹಾಡಾದ ವರ್ಣ ಶುರುವಾದಾಗ ಏಳು ದಾಟಿತ್ತು.

ಇದೂ ದೊಡ್ಡ ತಪ್ಪಲ್ಲ ಬಿಡಿ. ದೊಡ್ಡದು ಬೇರೆ ಇದೆ. ನಾನು ಕಚೇರಿಯ ಸಮಯವನ್ನು ಸಮನಾಗಿ ಭಾಗ ಮಾಡಿದ್ದೆ. 'ತಡವಾದರೆ ಏನಂತೆ, ಕೊನೆಯ ಅರ್ಧ ಗಂಟೆ ಬಿಟ್ಟು ಎದ್ದರಾಯಿತು, ಮುಕ್ಕಾಲು ಪಾಲು ಕೇಳಿದಂತಾಯಿತಲ್ಲ' ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ವರ್ಣದಲ್ಲಿ, ಮೊದಲ ಒಂದೆರಡು ಕೃತಿಗಳಲ್ಲಿ ಕಂಠ ಹದಕ್ಕೆ ಬರುತ್ತಿರುತ್ತದೆ, ಮೈಕ್ ಸರಿಯಾಗುತ್ತಿರುತ್ತದೆ, ಜನ ಬಂದು ಕೂರುತ್ತಿರುತ್ತಾರೆ. ತೂಕವಾದದ್ದೆಲ್ಲ ಎಂಟರ ಮೇಲೆಯೇ. ಮುಖ್ಯ ಕೃತಿ ಅಥವಾ ಪಲ್ಲವಿ, ಅದರ ಬೆನ್ನಿಗೆ ಹಾಡು ನಿಲ್ಲಿಸಿ ಮೃದಂಗದವರಿಗೇ ಬಿಟ್ಟುಕೊಡುವ ತನಿ ಆವರ್ತನ, ಆಮೇಲೆ ದೇವರನಾಮಗಳು. ಬೇಗ ಎದ್ದವನು ಕಾಲು ಪಾಲು ಕಳೆದುಕೊಳ್ಳುವುದಿಲ್ಲ. ಮದುವೆಗೆ ಹೋಗಿ ತಿಂಡಿ ತಿಂದು, ಎಲೆ ಹಾಕುವ ಹೊತ್ತಿಗೆ ಎದ್ದು ಬಂದ ಹಾಗೆ.

ಒಂಬತ್ತು ಗಂಟೆಗೆ ತಾನ ನಡೆಯುತ್ತಿತ್ತು. ಒಂಬತ್ತೂಕಾಲಿಗೆ ಅಪ್ಪನ ಮೊಣಕಾಲು ಮುಟ್ಟಿದೆ. ಅಲ್ಲಾಡಲಿಲ್ಲ. ಇನ್ನೊಮ್ಮೆ ಮುಟ್ಟಿದೆ, ಎದ್ದರು. ಸಾಲಿನಲ್ಲಿದ್ದವರೆಲ್ಲ ಕಾಲು ಮಡಚಿಕೊಂಡು ನಮಗೆ ದಾರಿ ಬಿಟ್ಟರು. ಪಲ್ಲವಿಯ ಸಾಲು ಎತ್ತಿಕೊಂಡಾಗ ನಾವು ಗೇಟಿನ ಹತ್ತಿರ ಆಟೋ ಕೂಗುತ್ತಿದ್ದೆವು. ಆಗ ಆ ಕಡೆಗೆ ಮೆಟ್ರೋ ಬಂದಿರಲಿಲ್ಲ. ಹೇಗೋ ಮೆಜೆಸ್ಟಿಕ್ ಸೇರಿದರೆ, ಬಸ್ಸು ಒಂದು ಗಂಟೆ ತಡ. ಬ್ಯಾಗಿನ ಮೇಲೆ ಕೂತು ನಾನು ಮತ್ತೆ ಲೆಕ್ಕ ಹಾಕಿದೆ. ಪಲ್ಲವಿ, ತನಿ ಎಲ್ಲ ಕೇಳಿಯೇ ಬರಬಹುದಿತ್ತು. ಅಪ್ಪ ಬೈಯಲಿಲ್ಲ. 'ಯಾವ ತಾಳ ಅಂತ ಗೊತ್ತಾಗಲಿಲ್ಲ ಮಾರಾಯ, ಗೇಟಿಂದ ಎಣಿಸೋಕೆ ನೋಡಿದೆ' ಅಂದರು. ಬೈದಿದ್ದರೇ ವಾಸಿಯಿತ್ತು.

ಈಗ ಮೆಟ್ರೋ ಇದೆಯಲ್ಲ, ಚಾಮರಾಜಪೇಟೆ ಹತ್ತಿರದ ಕೆ.ಆರ್. ಮಾರ್ಕೆಟ್‌ನಿಂದ ಮೆಜೆಸ್ಟಿಕ್ ಎರಡನೇ ಸ್ಟೇಷನ್ ಅಲ್ವಾ ಅಂತ ನೀವು ಕೇಳಬಹುದು. ಹೌದು. ಹತ್ತಿಪ್ಪತ್ತು ನಿಮಿಷ ಉಳಿಯುತ್ತದೆ. ಆದರೆ ಬಸ್ಸಿನ ಟಿಕೆಟ್ ಜೇಬಿನಲ್ಲಿದ್ದರೆ ಎಂಟೂವರೆಯಿಂದಲೇ ಕಣ್ಣು ಗಡಿಯಾರದ ಮೇಲೆ. ಮಾರನೆಯ ಬೆಳಿಗ್ಗೆಯ ಬಸ್ಸು ತೆಗೆದುಕೊಳ್ಳಿ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆ ಜಾಸ್ತಿಯಾಯಿತು ಅನ್ನಿಸಿದರೆ ಮೊದಲ ದಿನವನ್ನು ಕೈಬಿಡಿ, ಕೊನೆಯ ರಾತ್ರಿಯನ್ನಲ್ಲ.

ದಿನಕ್ಕೆ ಎರಡು ಕಚೇರಿ ಹೇಗೆ ಹೊಂದಿಸುವುದು ಅಂತ ಕೇಳಿದ್ದೀರಿ. ಹೊಂದಿಸುವುದೇ ಬೇಡ. ರಾಮೋತ್ಸವದ ಕಚೇರಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಆರು ಆರೂವರೆಗೆ ಶುರುವಾಗುತ್ತವೆ. ಎರಡು ಅಂದರೆ ಎರಡು ಅರ್ಧ. ವಯ್ಯಾಲಿಕಾವಲ್‌ನ ಚೌಡಯ್ಯ ಹಾಲ್ ನೋಡಬೇಕು, ಪಿಟೀಲಿನ ಆಕಾರದ ಕಟ್ಟಡ, ನಿಜ. ಆದರೆ ಸಂಜೆಯ ಟ್ರಾಫಿಕ್‌ನಲ್ಲಿ ಅಲ್ಲಿಂದ ಚಾಮರಾಜಪೇಟೆಗೆ ಬರುವಷ್ಟರಲ್ಲಿ ಎರಡೂ ಕಡೆಯ ಆಲಾಪನೆ ತಪ್ಪಿರುತ್ತದೆ.

ಒಂದೇ ಜಾಗ ಹಿಡಿದು ಕೂರಿ. ನನ್ನನ್ನು ಕೇಳಿದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು, ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಎಲ್ಲ ಹಾಡಿಹೋದ ವೇದಿಕೆ. ಕರ್ನಾಟಕ ಸಂಗೀತದ ಜೊತೆ ಹಿಂದೂಸ್ತಾನಿಯೂ ಇರುತ್ತದೆ. ಸಭಾಂಗಣವೇ ಬೇಕು ಅನ್ನುವವರಿಗೆ ಕೆ.ಆರ್. ರಸ್ತೆಯಲ್ಲಿ 1905ರ ಗಾಯನ ಸಮಾಜ ಇದೆ, ಆದರೆ ಬೇಸಿಗೆಗೆ ಪೆಂಡಾಲೇ ಚೆಂದ. ಚಾಮರಾಜಪೇಟೆ ಅಥವಾ ಬಸವನಗುಡಿಯಲ್ಲಿ ರೂಮು ಮಾಡಿ. ರಾತ್ರಿ ನಡೆದುಕೊಂಡೇ ವಾಪಸ್ ಬರಬಹುದು. ಮುಂದೆ ಅಪ್ಪನನ್ನು ಕರೆದುಕೊಂಡು ಹೋದಾಗ ಹಾಗೇ ಮಾಡಿದೆವು. ಪಲ್ಲವಿ ಮುಗಿದು, ತನಿ ಮುಗಿದು, ವೇದಿಕೆಯವರು ಮೈಕ್ ಬಿಚ್ಚುವವರೆಗೂ ಅವರು ಏಳಲಿಲ್ಲ.

ತಾರೀಕು ಮಾತ್ರ ನೋಡಿಕೊಂಡು ರಜೆ ಹಾಕಿ. ಉತ್ಸವ ಪಂಚಾಂಗದ ಪ್ರಕಾರ ನಡೆಯುತ್ತದೆ, ಶಾಲೆಯ ರಜೆ ಪ್ರಕಾರ ಅಲ್ಲ. ರಾಮನವಮಿ 2023ರಲ್ಲಿ ಮಾರ್ಚ್ 30ಕ್ಕೆ, 2024ರಲ್ಲಿ ಏಪ್ರಿಲ್ 17ಕ್ಕೆ, 2025ರಲ್ಲಿ ಏಪ್ರಿಲ್ 6ಕ್ಕೆ ಬಂದಿತ್ತು. ದೊಡ್ಡ ಪೆಂಡಾಲ್‌ಗಳಲ್ಲಿ ಸುಮಾರು ಒಂದು ತಿಂಗಳು ಕಚೇರಿ ಇರುತ್ತದಾದ್ದರಿಂದ ಕೆಲವು ವರ್ಷ ರಜೆಗೆ ಸಿಗುವುದು ಉತ್ಸವದ ಬಾಲ ಮಾತ್ರ. ಬಾಲವೂ ಚೆನ್ನಾಗಿರುತ್ತದೆ, ಜನ ಕಡಿಮೆ.

'ದೊಡ್ಡ ಹೆಸರುಗಳು ಯಾವ ದಿನ ಇವೆ ಅಂತ ನೋಡಿ ಟಿಕೆಟ್ ಮಾಡುತ್ತೇವೆ' ಅಂದಿದ್ದೀರಿ. ಇದೂ ನನಗೆ ಹಿಡಿಸಲಿಲ್ಲ. ದೊಡ್ಡ ಹೆಸರಿನ ದಿನ ಮುಂದಿನ ಸಾಲುಗಳು ದಾನಿಗಳಿಗೆ, ಸೀಸನ್ ಟಿಕೆಟಿನವರಿಗೆ ಹೋಗಿರುತ್ತವೆ. ನಿಮಗೆ ಸಿಗುವುದು ಕಂಬದ ಹಿಂದಿನ ಕುರ್ಚಿ. ಒಂದು ಸಂಜೆ ದೊಡ್ಡವರನ್ನು ಕೇಳಿ, ಬೇಡ ಅನ್ನುವುದಿಲ್ಲ. ಉಳಿದ ಸಂಜೆಗಳಲ್ಲಿ ಹೆಸರು ಕೇಳದ ಹುಡುಗ ಹುಡುಗಿಯರು ಯಾರಿದ್ದಾರೋ ಅಲ್ಲಿ ಮುಂದೆ ಹೋಗಿ ಕೂರಿ. ಮೃದಂಗದವರ ಬೆರಳು ಕಾಣುವಷ್ಟು ಹತ್ತಿರ.

ಹಗಲು? ಹಗಲು ಮಲಗಿ. ಸುಮ್ನೆ ಹೇಳುತ್ತಿಲ್ಲ. ಏಪ್ರಿಲ್ ಬೆಂಗಳೂರಿನ ಅತಿ ಬಿಸಿಯ ತಿಂಗಳು. ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ದಿನವಿಡೀ ನೀರಾಡಿ ಬಂದವರು ಸಂಜೆ ಎರಡನೇ ಕೃತಿಗೇ ತೂಕಡಿಸುತ್ತಾರೆ. ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ, ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ರೂಮಿಗೆ ಬನ್ನಿ. ಶುಕ್ರವಾರ ಅಲ್ಲಿ ರಜೆ. ಅವತ್ತು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ವಡೆ, ಸಾಂಬಾರ್ ಕೇಳಬೇಡಿ, ಚಟ್ನಿ ಮಾತ್ರ. ಕಚೇರಿ ಇರುವ ಮೈದಾನದ ಹತ್ತಿರವೇ ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ ಇವೆ, ನಾಲ್ಕೂವರೆಗೆ ಹೊರಟರೆ ಅವೂ ಆಗುತ್ತವೆ. ರಾತ್ರಿ ಹಸಿವಾದರೆ ವಿ.ವಿ. ಪುರಂನ ತಿಂಡಿ ಬೀದಿ. ಸಂಜೆ ಗುಡುಗು ಮಳೆ ಬರುವ ಕಾಲ, ಕೊಡೆ ಇರಲಿ.

ತಾಯಿಯವರಿಗೆ ಮಂಡಿ ನೋವು ಅಂದಿದ್ದೀರಿ. ಸಾಲಿನ ತುದಿಯ ಕುರ್ಚಿ ಹಿಡಿಯಿರಿ, ಒಂದು ಸಣ್ಣ ದಿಂಬು ತನ್ನಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಸುಲಭವಲ್ಲ. ಕಾಫಿಯನ್ನು ಆರು ಗಂಟೆಗೇ ಕುಡಿದುಬಿಡಿ. ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಪೆಂಡಾಲ್ ಕಾಫಿಗೆ ಏಳುತ್ತದೆ. ಆ ಜನರ ಬಗ್ಗೆ ಬರೆಯಲು ಕೂತರೆ ಇದರ ಎರಡರಷ್ಟಾಗುತ್ತದೆ, ಇಲ್ಲಿ ಬೇಡ.