ವಾಕಿಂಗ್ ಹೋಗಿದ್ದು ನಿಮ್ಮ ತಪ್ಪಲ್ಲ

ಪ್ರಶ್ನೆ: ನನಗೀಗ ಆರು ತಿಂಗಳು. ಹೋದ ಸಲ ಎರಡೂವರೆ ತಿಂಗಳಿಗೇ ಗರ್ಭಪಾತವಾಯಿತು. ಆಗ ದಿನಾ ವಾಕಿಂಗ್ ಹೋಗುತ್ತಿದ್ದೆ. ಅದಕ್ಕೇ ಹಾಗಾಯಿತು ಎಂದರು ಅತ್ತೆ. ಹಾಗಾಗಿ ಈ ಸಲ ಮಲಗಿಕೊಂಡೇ ಇರುತ್ತೇನೆ. ಈಗ ಸೊಂಟ, ತೊಡೆಸಂದು ವಿಪರೀತ ನೋವು. ರಾತ್ರಿ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಎಲ್ಲ ಸರಿಯಾಗಿದೆ, ವ್ಯಾಯಾಮ ಶುರು ಮಾಡಿ ಅಂತಾರೆ ಡಾಕ್ಟರ್. ಧೈರ್ಯ ಸಾಲುತ್ತಿಲ್ಲ.

ಉತ್ತರ: ನೋವಿನ ಮಾತು ಆಮೇಲೆ. ಮೊದಲು ಆ ಹೋದ ಸಲದ ಮಾತು. ಅಷ್ಟು ಬೇಗ ಆಗುವ ಗರ್ಭಪಾತಗಳಿಗೆ ಬಹಳ ಸಲ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿರುವ ದೋಷ. ಅದು ತಾಯಿ ನಡೆದಿದ್ದರಿಂದ ಬರುವುದಲ್ಲ, ಮಲಗಿದ್ದರೆ ತಪ್ಪುವುದೂ ಅಲ್ಲ. ಇಷ್ಟು ದಿನ ಈ ಭಾರ ಒಬ್ಬರೇ ಹೊತ್ತಿದ್ದೀರಲ್ಲ, ದಯವಿಟ್ಟು ಇಳಿಸಿಬಿಡಿ.

ಈಗ ನೋವು. ಬಸಿರಿನಲ್ಲಿ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಕೀಲುಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗುತ್ತವೆ. ಹೊಟ್ಟೆ ಮುಂದೆ ಬಂದ ಹಾಗೆ ಬೆನ್ನಿಗೂ ಎಳೆತ ಜಾಸ್ತಿ. ಆಗ ಕೀಲುಗಳಿಗೆ ಆಸರೆ ಕೊಡಬೇಕಾದದ್ದು ಸ್ನಾಯುಗಳು. ಮಲಗಿಯೇ ಇದ್ದರೆ ಅವುಗಳ ಶಕ್ತಿಯೇ ಕುಂದುತ್ತದೆ, ಅಲ್ವಾ?

ಇವತ್ತು ರಾತ್ರಿಯಿಂದಲೇ ಒಂದು ಮಾಡಿ. ಪಕ್ಕಕ್ಕೆ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಹೊರಳುವಾಗ ಮೊಣಕಾಲು ಮಡಚಿ, ಎರಡನ್ನೂ ಒತ್ತಿ ಹಿಡಿದು, ಭುಜ ಸೊಂಟ ಒಟ್ಟಿಗೇ ತಿರುಗಿಸಿ. ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಎಳೆದರೆ ತೊಡೆಸಂದು ಚುರ್ ಅನ್ನುತ್ತದೆ. ಬಟ್ಟೆಯನ್ನೂ ಕೂತೇ ಹಾಕಿಕೊಳ್ಳಿ. ಒಂಟಿ ಕಾಲಲ್ಲಿ ನಿಲ್ಲುವುದು ಈಗ ಬೇಡ.

ಬೆಳಿಗ್ಗೆ ಚಾಪೆ ಮೇಲೆ ಅಂಗೈ, ಮೊಣಕಾಲು ಊರಿ. ಉಸಿರು ಬಿಡುತ್ತಾ ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಬಾಗಿಸಿ, ಉಸಿರು ಎಳೆಯುತ್ತಾ ಮಟ್ಟಕ್ಕೆ ತನ್ನಿ. ಕೆಳಗೆ ಜೋತು ಬೀಳಿಸಬೇಡಿ. ಐದಾರು ಸಲ ಸಾಕು. ಹೊಟ್ಟೆಯ ಭಾರ ಬೆನ್ನಿನಿಂದ ಸ್ವಲ್ಪ ಹೊತ್ತು ಇಳಿದ ಹಾಗಾಗುತ್ತದೆ. ನನಗೆ ಬಲು ಇಷ್ಟದ ವ್ಯಾಯಾಮ ಇದು.

ಸಂಜೆ ಹತ್ತು ನಿಮಿಷ ನಡೆಯಿರಿ. ಹೆಜ್ಜೆ ಚಿಕ್ಕದಿರಲಿ. ತೊಡಕಿಲ್ಲದ ಬಸುರಿಗೆ ವಾರಕ್ಕೆ 150 ನಿಮಿಷದ ಹದವಾದ ವ್ಯಾಯಾಮ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ನಿಧಾನವಾಗಿ ಹೋದರಾಯಿತು. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಈಜು ಗೊತ್ತಿದ್ದರೆ ಇನ್ನೂ ಒಳ್ಳೆಯದು, ನೀರೇ ಮೈಯ ಭಾರ ಹೊರುತ್ತದೆ. ಅಂಗಾತ ಮಲಗಿ ಮಾಡುವ ವ್ಯಾಯಾಮ ಮಾತ್ರ ಬಿಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

ರಕ್ತ ಕಂಡರೆ, ನೀರು ಸೋರಿದರೆ, ಎದೆ ನೋವು, ತಲೆಸುತ್ತು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಮಾಸು ಕೆಳಗಿದೆಯಾ, ಗರ್ಭಕಂಠ ಸಡಿಲವಾಗಿದೆಯಾ ಅಂತ ಮೊದಲೇ ಒಮ್ಮೆ ಕೇಳಿಕೊಳ್ಳಿ. ಹಾಗೇನಾದರೂ ಇದ್ದರೆ ಲೆಕ್ಕ ಬೇರೆ. ನೋವು ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಲು ಹೇಳಿ. ಬಸುರಿಯರಿಗೆ ಇಂಥ ನೋವು ಸಹಜ ಅಂತ ಸುಮ್ನೆ ನುಂಗಬೇಡಿ.

ಅತ್ತೆಯವರ ಮೇಲೆ ಕೋಪ ಬೇಡ. ಆ ಮಗು ಹೋದಾಗ ಅವರೂ ನೊಂದಿದ್ದಾರೆ, ಕಾರಣ ಹುಡುಕಿದ್ದಾರೆ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ. ಸಂಜೆಯ ಆ ಹತ್ತು ನಿಮಿಷಕ್ಕೂ ಅವರನ್ನೇ ಜೊತೆಗೆ ಕರೆಯಿರಿ.